ಒಡೆಯರ ಕೈ

ಕೋಟು ಹಾಕಿಕೊಂಡವನೊಬ್ಬ ಒಂದು ಸಲ ನಮ್ಮ ಹರಾಜು ಮಳಿಗೆಗೆ ಒಂದು ಕುರ್ಚಿ ತಂದಿದ್ದ. ನೋಡುವುದಕ್ಕೆ ಸಾದಾ ಕುರ್ಚಿ. ಬೆನ್ನು ಹಿಡಿದು ಮುಂದಕ್ಕೆ ಮಗುಚಿದರೆ ಮಾತ್ರ ಪುಟ್ಟ ಏಣಿಯಾಗುತ್ತದೆ. ಎತ್ತರದ ಕಪಾಟಿನಿಂದ ಪಾತ್ರೆ ಪಡಗ ತೆಗೆಯುವುದಕ್ಕೆ ಹಿಂದಿನವರು ಮಾಡಿಸಿಕೊಳ್ಳುತ್ತಿದ್ದ ಸಾಮಾನು. "ನಮ್ಮ ತಾತ ಇದರ ಮೇಲೆ ಕೂತೇ ಪ್ರಾಣ ಬಿಟ್ಟರು" ಎಂದ. "ಅಯ್ಯೋ ಪಾಪ. ಎಲ್ಲಿ, ಏಣಿ ಮಾಡಿ ತೋರಿಸಿ" ಎಂದೆ. ಅವನು ಕುರ್ಚಿಯನ್ನು ಸುತ್ತಿದ, ತಟ್ಟಿದ, ಬಗ್ಗಿ ನೋಡಿದ. ಕೊನೆಗೆ "ಯಾವ ಏಣಿ?" ಎಂದು ನನ್ನನ್ನೇ ಕೇಳಿದ. ಸ್ವಲ್ಪ ದಿನಕ್ಕೆ ನಿಜವಾದ ಒಡತಿ ಬಂದಳು. ಬಾಗಿಲಿನಿಂದಲೇ ಬೈದುಕೊಂಡು ಬಂದ ಆ ಮುದುಕಿ, ಬೈಗುಳ ನಿಲ್ಲಿಸದೆ ಕುರ್ಚಿಯ ಬೆನ್ನಿಗೆ ಕೈ, ಕಾಲಿಗೆ ಕಾಲು ಕೊಟ್ಟು ಅದನ್ನು ಏಣಿ ಮಾಡಿದಳು. ಮೇಲಿನ ಮೆಟ್ಟಿಲು ಹತ್ತಿ ನಿಂತು ಉಳಿದ ಬೈಗುಳ ಮುಗಿಸಿದಳು.

ಇಂಥ ಸಾಮಾನಿಗೆ ನಮ್ಮ ಮಳಿಗೆಯಲ್ಲಿ ಬಹುರೂಪಿ ಎನ್ನುತ್ತೇವೆ. ಏಣಿಯಾಗುವ ಕುರ್ಚಿ, ಮೇಜಾಗುವ ಪೆಟ್ಟಿಗೆ, ಮಂಚವಾಗುವ ಬೆಂಚು. ಬಹುರೂಪಿಗೆ ಒಂದು ಹಳೆಯ ನಿಯಮವಿದೆ. ಹರಾಜಿಗೆ ಮುಂಚೆ, ಕೊಳ್ಳುವವರೆಲ್ಲರ ಎದುರು, ಒಡೆಯರೇ ಅದನ್ನು ತಮ್ಮ ಕೈಯಾರೆ ಬಿಚ್ಚಿ ತೋರಿಸಬೇಕು. ಕಳ್ಳಮಾಲು ಹಿಡಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸಾಮಾನಿನ ಜೊತೆ ಬಾಳಿದವರ ಕೈ ಕಣ್ಣು ಮುಚ್ಚಿದರೂ ಚಿಲಕದ ಮೇಲೆ ಹೋಗಿ ಕೂರುತ್ತದೆ. ಕದ್ದವನ ಕೈ ತಡಕಾಡುತ್ತದೆ. ನಾವು ಇದನ್ನು ಒಡೆಯರ ಕೈ ಎನ್ನುತ್ತೇವೆ.

ಅಲ್ಲಿ ಬೆಲೆ ಕಟ್ಟುವವಳು ನಾನು. ಮಳಿಗೆಯವರು ನನಗೆ ಗೆದ್ದಲಮ್ಮ ಎಂದು ಹೆಸರಿಟ್ಟಿದ್ದಾರೆ. ಮರದೊಳಗೆ ಹೊಗದೆ ಬಿಡುವುದಿಲ್ಲ ಎಂದು ಕೆಲವರು, ಹೊಕ್ಕ ಮೇಲೆ ಏನೂ ಉಳಿಸುವುದಿಲ್ಲ ಎಂದು ಇನ್ನು ಕೆಲವರು ಅದರ ಅರ್ಥ ಹೇಳುತ್ತಾರೆ. ಎರಡೂ ನಿಜ. ಗಿರಾಕಿ ಸಾಮಾನಿನ ಮುಖ ನೋಡುತ್ತಾನೆ, ನಾನು ಮಗುಚಿ ಹೊಟ್ಟೆ ನೋಡುತ್ತೇನೆ. ಪಾಲಿಶಿನ ಮಾತು ನಂಬುವುದಿಲ್ಲ, ಮನೆಯವರ ಮಾತಂತೂ ಮೊದಲೇ ನಂಬುವುದಿಲ್ಲ. ಸವೆತವನ್ನು ನಂಬುತ್ತೇನೆ. ಮಂಚ ಎಂದು ಹೇಳಿದ ಮೇಲೆ ಮೈ ಒರಗಿ ಒರಗಿ ಹಲಗೆ ನುಣುಪಾಗಿರಬೇಕು. ಮೆಟ್ಟಿಲು ಎಂದ ಮೇಲೆ ಅಂಚು ತೇದಿರಬೇಕು. ಇಲ್ಲದಿದ್ದರೆ ಯಾರೋ ನನ್ನ ಕಿವಿಗೆ ಹೂವು ಇಡುತ್ತಿದ್ದಾರೆ ಎಂದೇ ಲೆಕ್ಕ.

ಆ ಮನೆಯಿಂದ ಕರೆ ಬಂದಾಗ ನನಗೇನೂ ಹೊಳೆಯಲಿಲ್ಲ. ವಿಳಾಸ ಹೊಸದು, ಮೇಲಿನ ಮಹಡಿಯ ಫ್ಲಾಟು. ಇನ್ನೂ ಚಿಕ್ಕ ಮನೆಗೆ ಹೋಗುತ್ತಿದ್ದೇವೆ, ಒಂದು ಹಳೆಯ ಸಾಮಾನಿದೆ, ಬಂದು ನೋಡಿ ಎಂದಿದ್ದರು. ಬಾಗಿಲು ತೆಗೆದವನು ತಲೆ ಬೋಳಾದ, ಮುಖದಲ್ಲಿ ಸುಸ್ತು ತುಂಬಿದ ಗಂಡಸು. ಹಜಾರದಲ್ಲಿ ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ಅವುಗಳ ಆಚೆ, ಕಿಟಕಿಯ ಕೆಳಗೆ, ಮೊದಲು ಬೆಂಚು ಕಂಡಿತು. ಆಮೇಲೆ ಅದರ ಮೇಲೆ ಕುಳಿತವಳು ಕಂಡಳು. ಎರಡನ್ನೂ ನಾನು ಗುರುತಿಸಿದೆ. ಅವಳು ನನ್ನನ್ನು ಗುರುತಿಸಲಿಲ್ಲ.

ಅವಳು ನನ್ನ ದೊಡ್ಡಮ್ಮ. ಬಾಗಿಲು ತೆಗೆದವನು ಅವಳ ಮಗ. ಬೆಂಚು ನನ್ನ ಅಪ್ಪ ಮಾಡಿದ್ದು.

ಅಪ್ಪ ಬಡಗಿ, ದೊಡ್ಡಪ್ಪನ ತಮ್ಮ. ಅಣ್ಣನ ಮನೆಯಲ್ಲಿ ಅವನ ಪಾಲಿಗೆ ಸಿಕ್ಕಿದ್ದು ಬೀದಿ ಬಾಗಿಲ ಪಕ್ಕದ ಒಂದು ಮೂಲೆ. ಮದುವೆಯಾದವನಿಗೆ ಕೋಣೆ ಇಲ್ಲದಿದ್ದರೆ ಮಾಡುವುದೇನು? ಕಾರ್ಖಾನೆಗೆ ಯಂತ್ರಗಳನ್ನು ತುಂಬಿಕೊಂಡು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಒಡೆದು, ಆ ಹಲಗೆಗಳನ್ನು ಉಜ್ಜಿ, ಈ ಬೆಂಚು ಮಾಡಿದ. ಹಗಲು ಬಂದವರು ಕೂರುವ ಬೆಂಚು, ರಾತ್ರಿ ಗಂಡ ಹೆಂಡತಿಯ ಮಂಚ. ದೊಡ್ಡಮ್ಮನ ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಮುರಿಯುವ ಹುಡುಗನಾಗಿದ್ದರಿಂದ ಹೊರಗೆ ಹಿಡಿ ಇಡಲಿಲ್ಲ, ಚಿಲಕ ಇಡಲಿಲ್ಲ. ಎಲ್ಲವೂ ಒಳಗೆ. ಎಡಗಡೆಯ ತೋಳನ್ನು ಸ್ವಲ್ಪ ಎತ್ತಿ ತನ್ನ ಕಡೆಗೆ ಎಳೆದುಕೊಂಡು, ಅದೇ ಹೊತ್ತಿಗೆ ಕೂರುವ ಹಲಗೆಯ ಮುಂಭಾಗವನ್ನು ಮೊಣಕಾಲಿನಿಂದ ಒತ್ತಬೇಕು. ಆಗ ಟಕ್ ಎಂದು ಹಲಗೆ ಮುಂದಕ್ಕೆ ಜಾರಿ ಬೆನ್ನು ಮಲಗುತ್ತದೆ. ಒಂದನ್ನು ಬಿಟ್ಟು ಒಂದನ್ನು ಮಾಡಿದರೆ ಕಲ್ಲಿನ ಹಾಗೆ ಕೂತಿರುತ್ತದೆ.

ಅಪ್ಪ ಬೇಗ ಹೋಗಿಬಿಟ್ಟ. ನಾನೂ ಅಮ್ಮನೂ ಅದೇ ಮೂಲೆಯಲ್ಲಿ ಉಳಿದೆವು. ಆ ಬೆಂಚಿಗೆ ದೊಡ್ಡಮ್ಮ ಒಂದು ಕಾನೂನು ಮಾಡಿದ್ದಳು: ಮನೆಯವರೆಲ್ಲ ಮಲಗುವ ತನಕ ಬಿಚ್ಚಬಾರದು, ಯಾರಾದರೂ ಏಳುವ ಮುಂಚೆ ಮುಚ್ಚಿರಬೇಕು. ನಮ್ಮ ಹಾಸಿಗೆ ಯಾರ ಕಣ್ಣಿಗೂ ಬೀಳಬಾರದು. ನನಗೆ ಜ್ವರ ಬಂದ ದಿನವೂ ಅದೇ ಕಾನೂನು. ಬೆಂಚಿನ ಮೇಲೆ ದೊಡ್ಡಮ್ಮನ ಗೆಳತಿಯರು ಕೂತು ನಗುತ್ತಿದ್ದರೆ ಅಮ್ಮ ನನ್ನನ್ನು ಅದರ ಕೆಳಗೆ ಗೋಣಿಚೀಲ ಹಾಸಿ ಮಲಗಿಸಿದ್ದಳು. ಅಂಗಾತ ಮಲಗಿದವಳಿಗೆ ಹಲಗೆಯ ಅಡಿಭಾಗ ಕಾಣುತ್ತಿತ್ತು. ಪೆಟ್ಟಿಗೆಯ ಕಾಲದ ಕಪ್ಪು ಅಕ್ಷರಗಳು ಅಲ್ಲಿ ಹಾಗೇ ಇದ್ದವು: ಈ ಬದಿ ಮೇಲೆ. ಪಕ್ಕದ ಅಡ್ಡಪಟ್ಟಿಯ ಮೇಲೊಂದು ಬಾಣ, ನೇರ ನೆಲಕ್ಕೆ ಗುರಿಯಿಟ್ಟದ್ದು. ನಾನು ಕೂಡಿಸಿಕೊಂಡು ಓದಿದ ಮೊದಲ ಸಾಲು ಅದು.

ಅಮ್ಮನಿಗೆ ಗುಂಡಿ ಹೊಲಿಯುವ ಕೆಲಸ ಸಿಕ್ಕಿ, ದರ್ಜಿಯ ಅಂಗಡಿಯ ಹಿಂದೆ ಒಂದು ಕೋಣೆಯೂ ಸಿಕ್ಕಿದಾಗ ತಳ್ಳುಗಾಡಿ ತಂದಳು. ಹೇರುವುದಕ್ಕೆ ಇದ್ದದ್ದು ಒಂದು ಬಟ್ಟೆಗಂಟು ಮತ್ತು ಈ ಬೆಂಚು. ಗಾಡಿ ಬೀದಿಗೆ ಇಳಿದಿತ್ತು. ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಳು.

"ಎಲ್ಲಿಗೆ ಸಾಗಿಸ್ತಿದ್ದೀಯೇ ಅದನ್ನ?"

"ಅವರು ಮಾಡಿದ್ದು ಅಕ್ಕ. ನಮ್ಮದು."

"ನಿನ್ನದು ಅನ್ನೋಕೆ ಏನೇ ಸಾಕ್ಷಿ? ಅನ್ನ ಹಾಕಿದ ಮನೇಲೇ ಕದಿಯೋಕೆ ನಿಂತ್ಯಲ್ಲ! ಕಳ್ಳಿ! ನೋಡ್ರಪ್ಪ ಎಲ್ಲರೂ, ಕಳ್ಳೀನ ನೋಡಿ!"

ಎದುರುಮನೆಯ ಕಿಟಕಿಗಳು ತೆರೆದವು. ಗಾಡಿಯವನು ತಲೆ ತಗ್ಗಿಸಿ ಚಕ್ರ ನೋಡುತ್ತ ನಿಂತ. ದೊಡ್ಡಪ್ಪ ಒಳಗಿದ್ದ, ಎಲ್ಲವೂ ಕೇಳಿಸುತ್ತಿತ್ತು, ಹೊರಗೆ ಬರಲಿಲ್ಲ. ದೊಡ್ಡಮ್ಮನ ಮಗ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ತನ್ನ ಅಮ್ಮ ಹೇಳಿದ್ದಕ್ಕೆ ಬೆಂಚನ್ನು ಗಾಡಿಯಿಂದ ಇಳಿಸಿದ. ನನ್ನ ಅಮ್ಮ ಮತ್ತೆ ಒಂದೇ ಒಂದು ಮಾತು ಆಡಲಿಲ್ಲ. ಬಟ್ಟೆಗಂಟೊಂದೇ ಉಳಿದ ಗಾಡಿಯ ಹಿಂದೆ ನನ್ನ ಕೈ ಹಿಡಿದು ನಡೆದಳು. ದೊಡ್ಡಮ್ಮನ ಬಾಯಿಗಿಂತ ಅಮ್ಮನ ಆ ಮೌನವೇ ನನ್ನನ್ನು ಇಷ್ಟು ವರ್ಷ ಸುಟ್ಟಿದ್ದು. ನೆಂಟರಿಷ್ಟರಲ್ಲಿ ಅಮ್ಮನಿಗೆ ಅಂದಿನಿಂದ ಕಳ್ಳಿ ಎಂದೇ ಹೆಸರು. ಮದುವೆ ಮುಂಜಿಗೆ ಅವಳನ್ನು ಕರೆಯುತ್ತಿರಲಿಲ್ಲ. ಕರೆದವರು ಒಳಕೋಣೆಗೆ ಬೀಗ ಹಾಕಿಕೊಂಡೇ ಕರೆಯುತ್ತಿದ್ದರು.

ಈಗ ಅದೇ ದೊಡ್ಡಮ್ಮ ಅದೇ ಬೆಂಚಿನ ತೋಳು ಸವರುತ್ತ ಹೇಳಿದಳು: "ನೂರೈವತ್ತು ವರ್ಷದ್ದು. ನಮ್ಮ ಮಾವನೋರ ಅಜ್ಜ ಮಾಡಿಸಿದ್ದು. ಅಸಲು ತೇಗ. ಹಗಲು ಬೆಂಚು, ರಾತ್ರಿ ಮಂಚ."

"ಹೌದಾ? ಯಾರು ಮಲಗ್ತಿದ್ರು ಇದರ ಮೇಲೆ?"

"ಯಾರೋ. ಮನೇಲಿ ಬಿದ್ದಿರ್ತಿದ್ದ ಕೆಲಸದೋರು."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿ ಮನೆಮಂದಿಗೆಲ್ಲ ಗೊತ್ತು, ಸಣ್ಣದಕ್ಕೂ ಸಿಡಿಯುವ ಬಾಯಿ. ಅದು ಆ ದಿನ ಹೇಗೆ ಸುಮ್ಮನಿತ್ತೋ ನನಗೇ ಆಶ್ಚರ್ಯ. ನೆಲದ ಮೇಲೆ ಕುಳಿತು, ಟಾರ್ಚು ಹಾಕಿ, ಬೆಂಚಿನ ಅಡಿಗೆ ತಲೆ ತೂರಿಸಿದೆ. ಮೇಲೆಲ್ಲ ಕೆಂಪು ಪಾಲಿಶ್ ಮೆತ್ತಿ ತೇಗದ ವೇಷ ಹಾಕಿಸಿದ್ದರು. ಅಡಿಭಾಗವನ್ನು ಯಾರೂ ಮುಟ್ಟಿರಲಿಲ್ಲ. ಗರಗಸದ ಗೀರು, ಕಾರ್ಖಾನೆಯ ಸ್ಕ್ರೂ, ಅಗ್ಗದ ಪೆಟ್ಟಿಗೆ ಮರದ ಬಿಳಿಚು. ಈ ಬದಿ ಮೇಲೆ. ಬಾಣ ಇನ್ನೂ ನೆಲ ನೋಡುತ್ತಿತ್ತು. ಸ್ವಲ್ಪ ಹೊತ್ತು ನಾನು ಅಲ್ಲೇ ಇದ್ದೆ. ಹೊರಗಿನವರಿಗೆ ಕಾಣದ ಜಾಗ ಅದೊಂದೇ ಇತ್ತು, ಮುಖ ಒರೆಸಿಕೊಳ್ಳುವುದಕ್ಕೆ.

ಒಳಗಿದ್ದಷ್ಟು ಹೊತ್ತು ಯೋಚಿಸಿದೆ. ಇದು ಪೆಟ್ಟಿಗೆ ಮರ, ಸೌದೆಗೆ ಹಾಕಿ ಎಂದು ಹೇಳಿ ಎದ್ದುಹೋಗಬಹುದಿತ್ತು. ಮಾತು ಸುಳ್ಳಲ್ಲ, ಅವಳ ಮುಖ ಸಣ್ಣದಾಗುವುದನ್ನು ನೋಡುವ ಸುಖವೂ ಸಿಗುತ್ತಿತ್ತು. ಆದರೆ ಅವರು ಮರುದಿನವೇ ಅದನ್ನು ಸೌದೆಗೆ ಹಾಕುತ್ತಿದ್ದರು. ಅಲ್ಲದೆ ನನ್ನ ಅಪ್ಪ ಉಜ್ಜಿದ ಹಲಗೆಯನ್ನು ಸೌದೆ ಎನ್ನುವುದು ನನ್ನ ಬಾಯಿಯಿಂದಲೇ ಬರಬೇಕೇ? ನನಗೆ ಬೇಕಾಗಿದ್ದದ್ದು ಬೀದಿಯಲ್ಲಿ ಎಸೆದ ಆ ಒಂದು ಮಾತು. ಅದನ್ನು ಅವಳು ಬೀದಿಯಲ್ಲೇ ಹೆಕ್ಕಿಕೊಳ್ಳಬೇಕಿತ್ತು.

ಹೊರಗೆ ಬಂದು ಕೈ ಕೊಡವಿಕೊಂಡೆ. "ಅಪರೂಪದ ಸಾಮಾನು ಇದು. ದೊಡ್ಡ ಹರಾಜಿಗೇ ಹಾಕೋಣ. ನಿಮ್ಮ ಮನೆತನದ ವಿಷಯ ಎಲ್ಲರ ಮುಂದೆ ಕೂಗಿ ಹೇಳ್ತಾರೆ. ಒಡೆಯರು ಅಂತ ಯಾರ ಹೆಸರು ಬರೀಲಿ?"

ಮಗ ಬಾಯಿ ತೆರೆಯುವುದರೊಳಗೆ ಅವಳು ಹೇಳಿದಳು: "ನಂದೇ ಬರ್ಕೊಳ್ಳಿ. ಅವನ್ದ್ಯಾಕೆ? ಈ ಮನೆ ಸಾಮಾನೆಲ್ಲ ನಂದು."

"ಹಾಗಾದ್ರೆ ಹರಾಜಿನ ದಿನ ನೀವೇ ಬಂದು ಬಿಚ್ಚಿ ತೋರಿಸ್ಬೇಕಾಗತ್ತೆ. ನಮ್ಮಲ್ಲಿ ಅದು ನಿಯಮ."

"ಅದೇನ್ ಮಹಾ! ನಮ್ಮ ಬೆಂಚು ನಮಗೆ ಬಿಚ್ಚೋಕೆ ಬರಲ್ವಾ?"

ಅವಳು ಅದನ್ನು ಒಂದು ದಿನವೂ ಬಿಚ್ಚಿರಲಿಲ್ಲ. ಬಿಚ್ಚುವುದನ್ನು ನೋಡಿಯೂ ಇರಲಿಲ್ಲ, ಅವಳ ಕಾನೂನೇ ಹಾಗಿತ್ತಲ್ಲ! ಅವಳ ಬಾಗಿಲು ಮುಚ್ಚಿದ ಮೇಲೆ ನಾವು ಬಿಚ್ಚುತ್ತಿದ್ದೆವು, ಅವಳ ಬಾಗಿಲು ತೆರೆಯುವ ಮುಂಚೆ ಮುಚ್ಚುತ್ತಿದ್ದೆವು. ಮಗ ಮನೆಯಲ್ಲಿ ಒಮ್ಮೆ ಬಿಚ್ಚಿ ನೋಡಲು ಹೊರಟರೆ ಗುಟ್ಟು ರಟ್ಟಾಗುತ್ತದೆಂದು ಮಳಿಗೆಯ ವ್ಯಾನನ್ನು ಆಗಲೇ ಕರೆಸಿ ಬೆಂಚನ್ನು ಸಾಗಿಸಿಬಿಟ್ಟೆ. ಮಗ ಕೃತಜ್ಞತೆಯಿಂದ ಒಂದು ತುದಿ ಹಿಡಿದು ಮೆಟ್ಟಿಲಿಳಿಸಿ ಕೊಟ್ಟ. ಹಿಂದೆ ಇಳಿಸಿದ್ದೂ ಅವನೇ.

ನಮ್ಮಲ್ಲಿ ಹರಾಜು ಕೂಗುವವನಿಗೆ ಗಂಟಲು ಎಂದು ಹೆಸರು. ಅವನಿಗೆ ಎಲ್ಲವನ್ನೂ ಹೇಳಿದೆ. ಅವನ ಸಹಾಯವಿಲ್ಲದೆ ಆಗುವ ಕೆಲಸವಲ್ಲ. ಅವನು ಬಾಯಲ್ಲಿದ್ದ ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದ.

"ಗೆದ್ದಲಮ್ಮ, ನಿಜ ಹೇಳಿ. ನಿಮಗೆ ಬೇಕಿರೋದು ಬೆಂಚೋ, ಸೇಡೋ?"

"ಸೇಡು."

"ಸದ್ಯ! ಬೆಂಚು ಅಂದಿದ್ರೆ ನಾನು ನಂಬ್ತಿರಲಿಲ್ಲ. ಆದ್ರೆ ಒಂದು ಮಾತು. ನೆಂಟರ ಸಾಮಾನಿಗೆ ನೀವು ಬೆಲೆ ಕಟ್ಟೋ ಹಾಗಿಲ್ಲ. ಬೆಲೆಯ ಜಾಗ ಖಾಲಿ ಬಿಡಿ. ಆ ದಿನ ನಿಯಮ ಹೇಳೋನು ನಾನು. ನೀವು ಕೂಗಾಡಬಾರದು."

"ಕೂಗಾಡಲ್ಲ."

"ನೀವು? ಕೂಗಾಡಲ್ಲ?" ಎಂದು ಅವನು ನಕ್ಕ.

ಉಳಿದದ್ದು ಅಮ್ಮ. ಅವಳಿಗೆ ಈಗ ಮೊಣಕಾಲು ನೋವು, ಕಿವಿ ಮಂದ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಅಡುಗೆಮನೆಯಲ್ಲಿ ಅವಳ ಎದುರು ಕೂತು ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಾನ್ಯಾಕೆ ಬರಲಿ ಅವಳ ಮುಖ ನೋಡೋಕೆ? ಸತ್ತಿದ್ದನ್ನ ಅಗೆದು ತೆಗೀಬೇಡ."

"ಸತ್ತಿಲ್ಲಮ್ಮ. ಮೊನ್ನೆ ಕೆಲಸದೋರು ಅಂದಳು ನಮ್ಮನ್ನ."

ಚಾಕು ನಿಂತಿತು. ಅವಳು ಹೆಚ್ಚಿದ ಚೂರುಗಳನ್ನು ಒಂದು ಕಡೆಗೆ ಸರಿಸಿದಳು, ಮತ್ತೆ ಇನ್ನೊಂದು ಕಡೆಗೆ ಸರಿಸಿದಳು. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ. "ಅವತ್ತು ಬೀದೀಲಿ ಸಾಕ್ಷಿ ಕೇಳಿದಳಲ್ಲ. ಒಂದು ಸಲ ಬಿಚ್ಚಿ ತೋರಿಸಿದ್ರೆ ಮುಗೀತಿತ್ತು. ಯಾಕೆ ಬಿಚ್ಚಲಿಲ್ಲ ನೀನು?"

"ಊರು ಮಂದಿ ಮುಂದೆ ಹಾಸಿಗೆ ಬಿಚ್ಚೋಕೆ ನಾಚಿಕೆ ಆಯ್ತು ಕಣೇ" ಎಂದಳು ಅಮ್ಮ. "ನಿಮ್ಮಪ್ಪ ನಾನು ಮಲಗಿದ ಹಾಸಿಗೆ ಅದು. ಬೀದೀಲಿ ಹೇಗೆ ಬಿಚ್ಚಲಿ?"

ಅಷ್ಟು ವರ್ಷ ಅವಳನ್ನು ಒಳಗೊಳಗೇ ಹೇಡಿ ಎಂದು ಬೈದುಕೊಂಡಿದ್ದೆ. ಚಾಕು ಮತ್ತೆ ಕೈಗೆ ತೆಗೆದುಕೊಂಡು ಅವಳೇ ಕೇಳಿದಳು: "ಎಡಗಡೆ ತೋಳು ಇನ್ನೂ ಕಿರ್ ಅನ್ನತ್ತಾ?"

"ಮುಟ್ಟಿ ನೋಡಿಲ್ಲ."

"ಒಳ್ಳೇ ಬಟ್ಟೆ ಯಾವುದಿದೆ ನಂಗೆ?" ಎಂದಳು.

ಹರಾಜಿನ ದಿನ ಮಳಿಗೆ ತುಂಬಿತ್ತು. ಹಳೆಯ ಸಾಮಾನಿನ ವ್ಯಾಪಾರಿಗಳು, ಹೊಸ ಮನೆ ಕಟ್ಟಿದವರು, ಕೆಲಸವಿಲ್ಲದೆ ನೋಡಲು ಬಂದವರು. ದೊಡ್ಡಮ್ಮ ತನ್ನ ಕಡೆಯ ನೆಂಟರನ್ನೂ ಕರೆತಂದಿದ್ದಳು, ಮನೆತನದ ಹೆಸರು ಕೂಗುವುದನ್ನು ಕೇಳಲಿ ಎಂದು. ಅದು ನಾನು ಎಣಿಸಿರದ ಲಾಭ. ಮೊದಲ ಸಾಲಿನ ನಡುವಿನ ಕುರ್ಚಿ ಹಿಡಿದು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಮ್ಮನನ್ನು ನಾನು ಹಿಂದೆ ಕಂಬದ ಪಕ್ಕ ಕೂರಿಸಿದ್ದೆ.

ಗಂಟಲು ಕೂಗಿದ. ಮನೆತನ, ನೂರೈವತ್ತು ವರ್ಷ, ಅಸಲು ತೇಗ, ಅವಳು ಹೇಳಿದ್ದೆಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದ. "ಒಡತಿಯವರ ಮಾತು ಇದು. ಇನ್ನು ಒಡತಿಯವರ ಕೈ. ಬನ್ನಿ ಅಮ್ಮ, ಬಿಚ್ಚಿ ತೋರಿಸಿ."

ಅವಳು ಕೈಚೀಲ ತೋಳಿಗೆ ಹಾಕಿಕೊಂಡು ಎದ್ದು ಬಂದಳು. ಬೆನ್ನನ್ನು ಹಿಡಿದು ಎಳೆದಳು. ಬೆಂಚು ಅಲುಗಲಿಲ್ಲ. ಕೂರುವ ಹಲಗೆಯನ್ನು ಎತ್ತಿದಳು, ಮುಂದಕ್ಕೆ ಜಗ್ಗಿದಳು. ಬಲಗಡೆಯ ತೋಳನ್ನು ಅಲ್ಲಾಡಿಸಿದಳು, ಎಡಗಡೆಯ ತೋಳನ್ನೂ ಅಲ್ಲಾಡಿಸಿದಳು; ಅದು ಕಿರ್ ಎಂದಿತು, ಅಷ್ಟೆ. ನೆಂಟರತ್ತ ತಿರುಗಿ ನಕ್ಕಳು. ಜನ ಮೊದಮೊದಲು ತಾಳ್ಮೆಯಿಂದ ನೋಡುತ್ತಿದ್ದರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ "ತಳ್ಳಿ ಅಜ್ಜಿ, ತಳ್ಳಿ" ಎಂದರು. ಮಗ ಓಡಿಬಂದು ಮಂಡಿಯೂರಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಅದನ್ನ ಒಳಗಿಡಿ ಸ್ವಾಮಿ" ಎಂದ ಗಂಟಲು. "ಇಲ್ಲಿ ಕೈ ಮಾತ್ರ. ಅದೂ ಒಡತಿಯವರ ಕೈ."

ದೊಡ್ಡಮ್ಮನ ಹಣೆಯಲ್ಲಿ ಬೆವರು ಮೂಡಿತ್ತು. "ಜಾಮ್ ಆಗಿದೆ ಇದು. ಹಳೇದಲ್ವಾ? ಎಷ್ಟೋ ವರ್ಷ ಆಯ್ತು ಬಿಚ್ಚಿ. ಕೀಲೆಲ್ಲ ಹಿಡ್ಕೊಂಡಿದೆ."

ಅಲ್ಲಿಯ ತನಕ ನಾನು ಗೋಡೆಗೆ ಒರಗಿ ನಿಂತಿದ್ದೆ. ಈಗ ಮುಂದೆ ಬಂದೆ. ಕೂಗಾಡಲಿಲ್ಲ. ಆ ಸಮಾಧಾನ ನನಗೆ ಎಲ್ಲಿಂದ ಬಂತೋ ತಿಳಿಯದು. ಅಷ್ಟು ಮೆಲ್ಲನೆ ನಾನು ಯಾವತ್ತೂ ಮಾತಾಡಿಲ್ಲ.

"ಜಾಮ್ ಆಗಿದ್ರೆ ಯಾರ ಕೈಗೂ ಬಿಚ್ಚಲ್ಲ, ಒಪ್ತೀನಿ. ಆದ್ರೆ ಇದು ನಿಮ್ಮದು ಅನ್ನೋಕೆ ಏನು ಸಾಕ್ಷಿ?"

"ಏನು ಸಾಕ್ಷಿ ಅಂದ್ರೆ? ನಮ್ಮನೇಲಿ ಇತ್ತು! ನಲವತ್ತು ವರ್ಷದಿಂದ ಕೂತಿದ್ದೀನಿ ಅದರ ಮೇಲೆ!"

"ಕೂತಿದ್ದೀರಿ. ಮಲಗಿದ್ದು ಯಾರು ದೊಡ್ಡಮ್ಮ?"

ಆ ಕರೆ ಕೇಳಿ ಅವಳು ನನ್ನ ಮುಖ ನೋಡಿದಳು. ಮೊದಲು ಕನ್ನಡಕ, ಆಮೇಲೆ ಅದರ ಹಿಂದಿನ ಕಣ್ಣು. ನನಗೆ ಅಪ್ಪನ ಕಣ್ಣು ಎಂದು ಎಲ್ಲರೂ ಹೇಳುತ್ತಾರೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ಹೊತ್ತಿಗೆ ಹಿಂದಿನಿಂದ ಅಮ್ಮ ಎದ್ದು ಬರುತ್ತಿದ್ದಳು. ಮೆಲ್ಲಗೆ, ಕುರ್ಚಿಗಳ ಬೆನ್ನು ಹಿಡಿದುಕೊಂಡು. ಜನ ಕಾಲು ಸರಿಸಿ ದಾರಿ ಬಿಟ್ಟರು.

ಅಮ್ಮ ದೊಡ್ಡಮ್ಮನನ್ನು ನೋಡಲಿಲ್ಲ. ಬೆಂಚಿನ ಎದುರು ನಿಂತು ಒಂದು ಸಲ ಉಸಿರು ಎಳೆದುಕೊಂಡಳು. ಎಡಗೈ ತಾನಾಗಿಯೇ ತೋಳಿನ ಕೆಳಗೆ ಹೋಯಿತು. ಎತ್ತಿದಳು, ಎಳೆದುಕೊಂಡಳು, ಮೊಣಕಾಲು ಮುಂದಿಟ್ಟಳು. ನೋವಿಗೆ ಮುಖ ಹಿಂಡಿದಳು. ಮೊಣಕಾಲಿಗೆ ಒತ್ತುವ ಶಕ್ತಿ ಇರಲಿಲ್ಲ. ಇನ್ನೊಮ್ಮೆ ಒತ್ತಿದಳು, ಆಗಲಿಲ್ಲ. ದೊಡ್ಡಮ್ಮನ ಮುಖದಲ್ಲಿ ಏನೋ ಹೊಳೆಯಿತು. "ನೋಡಿದ್ರಾ? ನಾನು ಹೇಳಲಿಲ್ವಾ?" ಎಂದು ನೆಂಟರತ್ತ ತಿರುಗಿದಳು. ಇಷ್ಟು ಜನರ ಎದುರು ಅಮ್ಮನನ್ನು ಎರಡನೆಯ ಸಲ ಕಳ್ಳಿ ಮಾಡುವುದಕ್ಕೆ ನಾನೇ ಕರೆತಂದೆನೇ?

"ಹಾಗೆ ನೋಡ್ತಾ ನಿಂತ್ಕೋಬೇಡ" ಎಂದಳು ಅಮ್ಮ ನನಗೆ, ಇಡೀ ಮಳಿಗೆಗೆ ಕೇಳುವಂತೆ. "ಹಾಸಿಗೆ ನನ್ನ ಕೈಲಿ ಇರ್ತಿದ್ದಾಗ ಯಾರು ಒತ್ತುತಿದ್ದೋರು? ಮೊಣಕಾಲು ಇಡು."

ನಾನು ಮರೆತೇಬಿಟ್ಟಿದ್ದೆ. ಅಮ್ಮ ಹಾಸಿಗೆ ಹೊತ್ತು ನಿಂತಿರುತ್ತಿದ್ದ ರಾತ್ರಿಗಳಲ್ಲಿ ಒತ್ತುತ್ತಿದ್ದದ್ದು ನಾನೇ, ಕತ್ತಲಲ್ಲಿ, ಸದ್ದಾಗದ ಹಾಗೆ. ಅವಳ ಪಕ್ಕ ಹೋಗಿ ನಿಂತು ಮೊಣಕಾಲು ಇಟ್ಟೆ. ಎತ್ತರ ಈಗ ಬೇರೆ, ಸ್ವಲ್ಪ ಬಗ್ಗಬೇಕಾಯಿತು. ಅಮ್ಮ ಎಳೆದಳು, ನಾನು ಒತ್ತಿದೆ.

ಟಕ್ ಎಂದಿತು.

ಹಲಗೆ ಮುಂದಕ್ಕೆ ಜಾರಿತು, ಬೆನ್ನು ಮಲಗಿತು. ಆಗೆಲ್ಲ ಆ ಸದ್ದನ್ನು ಅಡಗಿಸುವುದಕ್ಕೆ ಅಮ್ಮ ಬಟ್ಟೆ ಒತ್ತಿ ಹಿಡಿಯುತ್ತಿದ್ದಳು. ಈಗ ಮಳಿಗೆಯ ಮೂಲೆಮೂಲೆಗೂ ಕೇಳಿಸಿತು. ಒಳಗಿನ ಹಲಗೆಗೆ ಯಾರ ಪಾಲಿಶೂ ತಾಗಿರಲಿಲ್ಲ. ಬಿಳಿಚು ಮರ, ನಡುವೆ ಒಬ್ಬರು ಮಲಗಿ ನುಣುಪಾದ ಜಾಗ, ಗೋಡೆಯ ಕಡೆ ಇನ್ನೊಂದು ಚಿಕ್ಕ ಜಾಗ. ವ್ಯಾಪಾರಿಗಳು ಕುರ್ಚಿ ಬಿಟ್ಟೆದ್ದು ಬಗ್ಗಿ ನೋಡಿದರು. ಸವೆತ ಓದಲು ಬರುವ ಜನ ಅವರು, ಅವರಿಗೆ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಅವರಲ್ಲೊಬ್ಬ ಮಂಡಿಯೂರಿ ಅಡಿಯಿಂದ ಇಣುಕಿ "ಈ ಬದಿ ಮೇಲೆ ಅಂತ ಬರೆದಿದೆಯಲ್ರೀ. ನೂರೈವತ್ತು ವರ್ಷದ ಪೆಟ್ಟಿಗೆನಾ?" ಎಂದ. ನಗು ಮೊದಲ ಸಾಲಿನ ತನಕ ಬಂತು. ದೊಡ್ಡಮ್ಮನ ನೆಂಟರು ನಗಲಿಲ್ಲ. ಒಬ್ಬಳು ಮಾತ್ರ ಮುಖ ಮುಚ್ಚಿಕೊಂಡಳು.

ಗಂಟಲು ತನ್ನ ಪೂರ್ತಿ ಧ್ವನಿ ತೆಗೆದ. "ಒಡತಿ ಎಂದು ಬರೆಸಿದವರ ಕೈಗೆ ಬಿಚ್ಚಲಿಲ್ಲ! ಬೇರೆಯವರ ಕೈಗೆ ಬಿಚ್ಚಿದೆ! ಈ ಮಳಿಗೆಯ ನಿಯಮದಂತೆ ಸಾಮಾನು ಮಾರಾಟಕ್ಕಿಲ್ಲ! ತಂದವರು ಇದು ಎಲ್ಲಿಂದ ಬಂತು ಎಂದು ಹೇಳಬೇಕು!"

ಕೋಟಿನವನಿಗೆ ಹೇಳಿದ್ದೂ ಇದೇ ಮಾತು, ಇದೇ ಜಾಗದಲ್ಲಿ. ಯಾರೂ ಕಳ್ಳಿ ಎನ್ನಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ. ದೊಡ್ಡಮ್ಮ ಒಬ್ಬೊಬ್ಬರ ಮುಖ ನೋಡುತ್ತ ಹೋದಳು, ಒಬ್ಬೊಬ್ಬರೂ ಬೇರೆ ಕಡೆ ನೋಡಿದರು. ಆ ಬೀದಿಯಲ್ಲಿ ಗಾಡಿಯವನು ಚಕ್ರ ನೋಡಿದ್ದು ನನಗೆ ನೆನಪಾಯಿತು. ನನಗೆ ಅಯ್ಯೋ ಅನಿಸಬೇಕಿತ್ತೇನೋ. ಅನಿಸಲಿಲ್ಲ. ಬಾಯಾರಿ ಬಂದವಳಿಗೆ ತಣ್ಣೀರು ಸಿಕ್ಕಿದ ಹಾಗಾಯಿತು.

ಅವಳ ಮಗ ಬೆಂಚಿನ ಪಕ್ಕ ಇನ್ನೂ ಮಂಡಿಯೂರಿಯೇ ಇದ್ದ. ಆ ಚಿಕ್ಕ ನುಣುಪು ಜಾಗವನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡ. "ಗಾಡಿಯಿಂದ ಇಳಿಸಿದ್ದು ನಾನೇ" ಎಂದ, ಯಾರನ್ನೂ ನೋಡದೆ. ಆಮೇಲೆ ತಲೆ ಎತ್ತಿದ. "ತಗೊಂಡು ಹೋಗಿ ಚಿಕ್ಕಮ್ಮ. ನಿಮ್ಮದೇ."

ದೊಡ್ಡಮ್ಮನ ಕೈಚೀಲ ಕೆಳಗೆ ಬಿತ್ತು. ಎಲ್ಲಾದರೂ ಕೂರಲೇಬೇಕು ಎನ್ನುವಂತೆ ಅವಳು ಹತ್ತಿರವಿದ್ದ ಬಿಚ್ಚಿದ ಮಂಚದ ಅಂಚಿಗೆ ಕೈಯೂರಿ ಬಗ್ಗಿದಳು.

"ಅಲ್ಲಿ ಕೂರಬೇಡಿ ಅಕ್ಕ" ಎಂದಳು ಅಮ್ಮ. "ಅದು ನನ್ನ ಹಾಸಿಗೆ."

ಬೆಂಚು ಈಗ ನಮ್ಮ ಮನೆಯ ಹಜಾರದಲ್ಲಿದೆ. ಆ ದಿನವೇ ಅಮ್ಮ ಕೇಳಿದ್ದಳು, "ನೀನಾಗಿದ್ರೆ ಎಷ್ಟು ಬೆಲೆ ಕಟ್ಟುತಿದ್ದೆ?" ಎಂದು. ಪೆಟ್ಟಿಗೆ ಮರ, ಹಳೆಯದೂ ಅಲ್ಲ, ಹೆಚ್ಚೇನೂ ಬರುತ್ತಿರಲಿಲ್ಲ ಎಂದು ನಿಜ ಹೇಳಿದೆ. ಊಟದ ತನಕ ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಎದ್ದ ಮೇಲೆ ನಾನು ಅಭ್ಯಾಸದಂತೆ ಮಂಚ ಮುಚ್ಚಲು ಹೋದೆ. "ಮುಟ್ಟಬೇಡ" ಎಂದಳು. "ಬಿಚ್ಚೇ ಇರಲಿ." ಅಂದಿನಿಂದ ಅದು ಮುಚ್ಚಿಲ್ಲ. ಅರ್ಧ ಹಜಾರ ಅದೇ ತಿಂದಿದೆ, ನಾವು ಗೋಡೆಗೆ ಒತ್ತಿಕೊಂಡು ಓಡಾಡುತ್ತೇವೆ. ಬಹುರೂಪಿಯನ್ನು ಹೀಗೆ ಒಂದೇ ರೂಪದಲ್ಲಿ ಇಟ್ಟರೆ ಅದರ ಬೆಲೆ ಅರ್ಧ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಅಮ್ಮ ನಡುಹಗಲಲ್ಲಿ, ಬೀದಿ ಬಾಗಿಲು ತೆರೆದಿಟ್ಟು, ಅದರ ಮೇಲೆ ಕಾಲು ಚಾಚಿ ಮಲಗುತ್ತಾಳೆ.

ಮೊನ್ನೆ ದೊಡ್ಡಮ್ಮನ ಮಗ ಫೋನು ಮಾಡಿದ. ಅವನಮ್ಮನಿಗೆ ಯಾರ ಮನೆಗೂ ಹೋಗಲಾಗುತ್ತಿಲ್ಲವಂತೆ, ನೆಂಟರು ಕಂಡರೆ ಬಿಚ್ಚಿ ತೋರಿಸು ಎಂದು ಹಂಗಿಸುತ್ತಾರಂತೆ. ಒಂದು ಸಲ ಬಂದು ಕ್ಷಮೆ ಕೇಳುತ್ತಾಳಂತೆ, ಬರಬಹುದೇ? ನಾನು ಫೋನಿಗೆ ಕೈ ಮುಚ್ಚಿ ಅಮ್ಮನನ್ನು ಕೇಳಿದೆ.

ಅಮ್ಮ ಮಲಗಿದ್ದಲ್ಲಿಂದಲೇ ಯೋಚಿಸಿದಳು. ದಿಂಬು ಸರಿಮಾಡಿಕೊಂಡಳು.

"ಬರಲಿ" ಎಂದಳು. "ಕೂರೋಕೆ ಮಾತ್ರ ಜಾಗ ಇಲ್ಲ ಅಂತ ಹೇಳು."